ಮುಚ್ಚಿದರೂ ಮುಚ್ಚದ ಕಿಟಕಿಗಳು

ಆಫೀಸಿನಲ್ಲಿ ನಾವೆಲ್ಲ ಅವನನ್ನು ಕರೆಯುವುದು ‘ಕಿಟಕಿ’ ಎಂದು. ಆಸ್ಪತ್ರೆಗಳಿಗೆ ನಾವು ಮಾಡಿಕೊಡುವ ಸಾಫ್ಟ್‌ವೇರ್‌ನಲ್ಲಿ ಪರದೆಯ ಮೇಲೆ ತೆರೆದುಕೊಳ್ಳುವ ವಿಂಡೋಗಳನ್ನೆಲ್ಲ ಬರೆಯುವವನು ಅವನೇ. ಕೈ ಚುರುಕು, ಬಾಯಿ ಇನ್ನೂ ಚುರುಕು. ಎಲ್ಲಿ ಏನು ಕೆಟ್ಟರೂ “ಅವರಿಗೆ ಬಳಸೋಕೆ ಬರಲ್ಲ” ಎಂದು ಕೈ ತೊಳೆದುಕೊಳ್ಳುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕೂರುವ ನನಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಅವನ ಅಕ್ಕ ಒಂದು ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೂರುತ್ತಿದ್ದಳು. ಇವನ ಓದಿಗೆ ಬೆನ್ನಾಗಿ ನಿಂತವಳು ಅವಳು. ಇವನು ಈಗಲೂ ಇರುವುದು ಅಕ್ಕ-ಭಾವನ ಮನೆಯಲ್ಲೇ. ಅವಳದು ಸದಾ ಗಿಜಿಗುಡುವ ಕೌಂಟರು. ಬೆಳಿಗ್ಗೆ ಸಲೀಸಾಗಿ ಓಡುವ ನಮ್ಮ ಸಾಫ್ಟ್‌ವೇರ್ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕಾಲೆಳೆಯುತ್ತಿತ್ತು, ಆಮೇಲೆ ಕಲ್ಲಿನಂತೆ ಕೂತುಬಿಡುತ್ತಿತ್ತು. ಸಾಲಿನಲ್ಲಿ ನಿಂತವರು ಬೈಯುತ್ತಿದ್ದುದು ಮಾತ್ರ ಅವಳನ್ನು.

ದೂರು ಬಂದಾಗ ಇವನು ಅಲ್ಲಿನ ಸಾಹೇಬರಿಗೆ ಫೋನಿನಲ್ಲೇ ತೀರ್ಪು ಕೊಟ್ಟ. “ಕೆಲಸ ಮುಗಿದ ಮೇಲೆ ವಿಂಡೋ ಮುಚ್ಚಬೇಕು ಸರ್. ಅವರು ಎಲ್ಲಾ ತೆರೆದಿಟ್ಕೊಂಡು ಕೂತಿರ್ತಾರೆ, ಅದಕ್ಕೇ ಹೀಗೆ.” ಹೋಗಿ ನೋಡಿರಲಿಲ್ಲ, ಅಕ್ಕನನ್ನು ಒಂದು ಮಾತು ಕೇಳಿರಲಿಲ್ಲ. ಅಲ್ಲಿ ಕೂರುವವಳು ಅಕ್ಕನೇ ಎಂದು ಗೊತ್ತಿದ್ದೂ ಹೇಳಿದ. ಸ್ವಲ್ಪ ದಿನಕ್ಕೇ ಅವಳನ್ನು ಕೌಂಟರಿನಿಂದ ಎಬ್ಬಿಸಿ ನೆಲಮಾಳಿಗೆಯ ಹಳೆಯ ಫೈಲುಗಳ ಕೋಣೆಗೆ ಹಾಕಿದರು. ಮನೆಯಲ್ಲಿ ಅವಳು ಆ ಮಾತೆತ್ತಲಿಲ್ಲ. ಇವನೂ ಎತ್ತಲಿಲ್ಲ.

ಅವಳ ಜಾಗಕ್ಕೆ ಬಂದವಳ ಕೈಯಲ್ಲೂ ಅದೇ ಗತಿಯಾದಾಗ ಇವನು ಬಾಯಿ ಮುಚ್ಚಿಕೊಂಡು ಹುಡುಕಲು ಕೂತ. ರೋಗಿಯ ವಿವರದ ವಿಂಡೋ ತೆರೆದ, ಮುಚ್ಚಿದ. ಮತ್ತೆ ತೆರೆದ, ಮುಚ್ಚಿದ. ಪ್ರತಿ ಸಲವೂ ಪ್ರೋಗ್ರಾಂ ಹಿಡಿದ ಮೆಮೊರಿ ಏರುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಮುಚ್ಚಿದ ವಿಂಡೋಗಳು ಕಣ್ಣಿಗೆ ಮಾತ್ರ ಮರೆಯಾಗಿ, ಒಳಗೆ ಹಾಗೇ ಉಳಿದಿದ್ದವು. ಕಾರಣ, ಪರದೆಯ ಮೂಲೆಯಲ್ಲಿದ್ದ ಗಡಿಯಾರ. ತೆರೆದ ಪ್ರತಿ ವಿಂಡೋವೂ ‘ಹೊತ್ತು ಬದಲಾದಾಗ ನನಗೂ ತಿಳಿಸು’ ಎಂದು ಅದರ ಬಳಿ ಹೆಸರು ಬರೆಸುತ್ತಿತ್ತು. ಮುಚ್ಚುವಾಗ ಆ ಹೆಸರನ್ನು ತೆಗೆಯುವ ಒಂದು ಸಾಲು ಕೋಡನ್ನು ಇವನು ಬರೆದೇ ಇರಲಿಲ್ಲ. ಗಡಿಯಾರ ಒಂದನ್ನೂ ಬಿಡದೆ ಹಿಡಿದುಕೊಂಡಿತ್ತು. ಅಕ್ಕ ಮುಚ್ಚುತ್ತಲೇ ಇದ್ದಳು, ಹೊರೆ ಏರುತ್ತಲೇ ಇತ್ತು.

“ಸಿಕ್ತಾ?” ಎಂದೆ.

“ಹೂಂ. ತಪ್ಪು ನಂದೇ.” ಮುಖ ಕಪ್ಪಿಟ್ಟಿತ್ತು. ಹಂಗಿಸಬೇಕೆಂದಿದ್ದ ಮಾತನ್ನು ನಾನು ನುಂಗಿಕೊಂಡೆ.

ಕೂತಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿ ನಿಜ ಹೇಳಿದ. “ಅಯ್ಯೋ, ನಿಮ್ಮಕ್ಕನೇ ಆವತ್ತು ತಪ್ಪು ನಂದು ಅಂತ ಒಪ್ಕೊಂಡ್ರಲ್ರೀ!” ಎಂದರು ಅವರು.

ಒಬ್ಬನೇ ಮನೆಗೆ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದ. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಎಲ್ಲವನ್ನೂ ಹೇಳಿ ಕೇಳಿದ: “ನೀನು ಎಲ್ಲಾ ಮುಚ್ಚಿದ್ದೆ. ಮತ್ಯಾಕಕ್ಕ ಒಪ್ಕೊಂಡೆ?”

“ಮುಚ್ಚಿದ ಹಾಗೇ ನೆನಪಿತ್ತು ಕಣೋ. ಆದ್ರೆ ಸಾಹೇಬ್ರು, ನಿಮ್ಮ ತಮ್ಮನೇ ಹೇಳಿದಾನೆ ಅಂದ್ರು. ನೀನು ಸುಳ್ಳು ಹೇಳ್ತೀಯಾ? ಅಮ್ಮನಿಗೆ ಕೊನೇಲಿ ಬಂದ ಹಾಗೆ ನಂಗೂ ಮರೆವು ಶುರುವಾಯ್ತು ಅಂದ್ಕೊಂಡೆ.” ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ಅವಳು ಸಣ್ಣಗೆ ನಕ್ಕಳು. “ಆವತ್ತಿಂದ ನೋಡು, ಸ್ಟೌ ಆರಿಸಿದ್ನಾ, ಬೀಗ ಹಾಕಿದ್ನಾ ಅಂತ ಅರ್ಧ ದಾರಿಯಿಂದ ವಾಪಸ್ ಬರ್ತೀನಿ. ಹಾಗಾದ್ರೆ ನಂಗೇನೂ ಆಗಿಲ್ಲ ಅಲ್ವೇನೋ?”

“ಇಲ್ಲಕ್ಕ, ನಿಂಗೇನೂ ಆಗಿಲ್ಲ. ಮರೆತವನು ನಾನು” ಎಂದ. ನಾಚಿಕೆಯಿಂದ ಅವಳ ಮುಖ ನೋಡಲಾಗದೆ, ಅವಳ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು ತಾನೇ ಮಡಚತೊಡಗಿದ.