ಎರಡು ಟವರ್, ಒಂದೇ ಲಾಬಿ

ಉಡಚಮ್ಮ ಭಾನುವಳ್ಳಿಯವಳು. ಹರಿಹರದ ಖಾನಾವಳಿಯೊಂದರಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದವಳು. ಖಾನಾವಳಿ ಮುಚ್ಚಿದ ಮೇಲೆ ಆವರಗೆರೆ ಕಡೆ ಎದ್ದ ಹೊಸ ಅಪಾರ್ಟ್‌ಮೆಂಟಿನಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ಅಂಬಿಕಾ ಮೇಡಂ ಮನೆಗೆ ಅಡುಗೆಗೆ ಒಪ್ಪಿಕೊಂಡಳು. “ಎ ಟವರ್, ಒಂಬೈನೂರ ಎರಡು” ಎಂದು ಮೇಡಂ ಫೋನಿನಲ್ಲಿ ಹೇಳಿದ್ದರು. ಅವಳ ತಲೆಯಲ್ಲಿ ಉಳಿದದ್ದು ನಂಬರು ಮಾತ್ರ.

ಮೊದಲ ದಿನ ಗಾಜಿನ ಬಾಗಿಲು ತಾನಾಗಿಯೇ ಸರಿಯಿತು. ಮುಖ ಕಾಣುವಂಥ ನೆಲ, ಯಾರೂ ಕೂರದ ಸೋಫಾ, ಗೋಡೆಯ ತುಂಬ ಬಂಗಾರದ ಬಣ್ಣದ ಎಲೆಗಳು. ಇದು ಮನೆಯೋ, ಕಲ್ಯಾಣಮಂಟಪವೋ? ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಲಿಫ್ಟ್ ಹತ್ತಿದಳು.

ಬಾಗಿಲು ತೆಗೆದವರು ಬಕ್ಕೇಶಪ್ಪ ಎಂಬ ವಯಸ್ಸಾದವರು. “ಅಡಿಗೆಯವ್ಳು ಹೌದಲ್ಲವ್ವ? ಬಾ, ಹೊಟ್ಟೆ ಹಸಿದೈತೆ” ಎಂದರು. ಮೇಡಂ ಅವರ ತಂದೆಯಿರಬೇಕೆಂದುಕೊಂಡು ಉಡಚಮ್ಮ ಹಿಟ್ಟು ಕಲಸಿದಳು. ಬಕ್ಕೇಶಪ್ಪ ಎರಡನೆಯ ರೊಟ್ಟಿಗೆ ಕೈಹಾಕುವಾಗ ಅವಳ ಫೋನು ಬಡಿದುಕೊಂಡಿತು.

“ಎಲ್ಲಿದೀರಿ ಉಡಚಮ್ಮ? ನನಗೆ ಕಾಲೇಜಿಗೆ ಹೊತ್ತಾಯ್ತು.”

“ಇಲ್ಲೇ ನಿಮ್ಮ ಅಡಿಗೆಮನ್ಯಾಗೆ ಅದೀನಲ್ರಿ, ಮೇಡಂ.”

“ನಮ್ಮ ಅಡಿಗೆಮನೆಯಲ್ಲಿ ನಾನಿದೀನಿ.”

ಉಡಚಮ್ಮ ಬಕ್ಕೇಶಪ್ಪನವರನ್ನು ವಿಚಾರಿಸಿದಳು. ಅದು ಬಿ ಟವರಿನ ಒಂಬೈನೂರ ಎರಡು. ಬಕ್ಕೇಶಪ್ಪನವರ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು. ಅಡುಗೆಯವಳನ್ನು ಹುಡುಕಿ ಕೊಡು ಎಂದು ಬಕ್ಕೇಶಪ್ಪ ವಾಚ್‌ಮನ್ ಪರಶುರಾಮನಿಗೆ ಹೇಳಿದ್ದರು. ಅವನೇ ಕಳಿಸಿದ್ದಾನೆಂದು ತಿಳಿದಿದ್ದರು.

ಕೆಳಗಿಳಿದು ಪಕ್ಕದ ಕಟ್ಟಡಕ್ಕೆ ಓಡಿದಳು. ಅಲ್ಲೂ ಅದೇ ನೆಲ, ಅದೇ ಸೋಫಾ, ಅವೇ ಎಲೆಗಳು. ಬಂದಲ್ಲಿಗೇ ಬಂದೆನೆಂದು ಮತ್ತೆ ಹೊರಗೋಡಿದಳು. ಪರಶುರಾಮ ತಡೆದು, “ಇದೇ ಎ ಟವರ್, ಹೋಗವ್ವ. ಎರಡೂ ಒಂದೇ ಥರ ಇದ್ರೆ ಚಂದ ಅಂತ ಹಿಂಗ್ ಮಾಡ್ಯಾರೆ. ನಂಗೂ ಒಂದೊಂದ್ಸಲ ತಿಳಿಯಲ್ಲ” ಎಂದ.

ಸಂಜೆ ಬಕ್ಕೇಶಪ್ಪ ಮೇಡಂ ಮನೆಗೆ ಬಂದು ಮಾತಾಡಿದರು. ಎರಡೂ ಮನೆಯ ಅಡುಗೆ ಉಡಚಮ್ಮನಿಗೇ ಎಂದಾಯಿತು. ಅಪಾರ್ಟ್‌ಮೆಂಟಿನವರ ಮೀಟಿಂಗಿನಲ್ಲೂ ಅವರು ಎದ್ದುನಿಂತು, ಗುರುತಿಗಾಗಿ ನಮ್ಮ ಬಿ ಟವರಿನ ಗೋಡೆಗೆ ಹಸಿರು ಹಚ್ಚಿಸಿ ಎಂದರು. ಹಚ್ಚಿದರು. ಹಸಿರು ಚೆನ್ನಾಗಿ ಕಂಡಿತು. ನಮಗೆ ಮಾತ್ರ ಯಾಕಿಲ್ಲ ಎಂದು ಎ ಟವರಿನವರು ಹಟ ಹಿಡಿದು ಹದಿನೈದು ದಿನದಲ್ಲಿ ತಾವೂ ಹಚ್ಚಿಸಿಕೊಂಡರು.

ಈಗಲೂ ಕೆಲವು ದಿನ ಬೆಳಿಗ್ಗೆ ಬಾಗಿಲು ತೆಗೆಯುವವರು ಬಕ್ಕೇಶಪ್ಪ. “ಮೊದ್ಲು ಮೇಡಂ ಮನೆಗೆ ಹೋಗವ್ವ, ಅವ್ರಿಗೆ ಕಾಲೇಜೈತೆ” ಎನ್ನುತ್ತಾರೆ. ಉಡಚಮ್ಮ ಕೆಳಗಿಳಿದು, ಹಸಿರು ಗೋಡೆಯ ಮುಂದೆ ಒಂದು ಗಳಿಗೆ ನಿಂತು, ಯಾವ ಕಡೆ ತಿರುಗಬೇಕೆಂದು ಯೋಚಿಸುತ್ತಾಳೆ.