ಗೇಣುದ್ದದ ದಾರ

ಗಾಡಿ ನನ್ನದು, ಅದಕ್ಕೆ ದೊಡ್ಡ ಟಾಯರು ಹಾಕಿಸುವ ಹುಕಿ ನನ್ನದು, ಸೊಕ್ಕಂತೂ ಪೂರ್ತಿ ನನ್ನದೇ. ಕಳ್ಳ ಅನ್ನಿಸಿಕೊಂಡವನು ಮಾತ್ರ ಬೇರೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತ ಯಾರೂ ನನ್ನ ಮೇಲೆ ಕನಿಕರ ಪಡುವುದು ಬೇಡ.

ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದಲ್ಲಿ ಸೇರಿ ಎರಡು ಮೂರು ವರ್ಷವಾಗಿತ್ತು. ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆತನ. ಅಪ್ಪನ ಕಾಲಕ್ಕೆ ಎತ್ತಿನ ಗಾಡಿಯಲ್ಲಿ ನಡೆಯುತ್ತಿದ್ದ ವ್ಯವಹಾರಕ್ಕೆ ನಾನು ಮಿಲಿಟರಿಯವರು ಹರಾಜು ಹಾಕಿದ ಒಂದು ಪಿಕಪ್ ಗಾಡಿ ತಂದಿದ್ದೆ. ಬೆಳಿಗ್ಗೆ ನೂಲಿನ ಗಂಟು ಹೇರಿಕೊಂಡು ಚಿಮ್ಮಡದ ಮೇಲೆ ಮುಧೋಳಕ್ಕೆ ಹೋಗುವುದು, ದಾರಿಯ ಊರುಗಳ ಮಗ್ಗದ ಮನೆಗಳಿಗೆ ನೂಲು ಕೊಡುವುದು, ನೇಯ್ದ ಸೀರೆ ತುಂಬಿಕೊಂಡು ಸಂಜೆಗೆ ತಿರುಗಿ ಬರುವುದು. ಹೋಗಿ ಬರಲು ನಲವತ್ತು ಮೈಲಿ. ವಾರಕ್ಕೊಮ್ಮೆ ಬೀಳಗಿ ಕಡೆಗೂ ಗಾಡಿ ಹೋಗುತ್ತಿತ್ತು.

ಡ್ರೈವರ್ ಚಿಮ್ಮಡ ಕಡೆಯ ಕುರುಬರ ಮನೆಯವನು. ಯುದ್ಧದ ಕಾಲದಲ್ಲಿ ಪಲ್ಟನ್ನಿಗೆ ಸೇರಿ ಗಾಡಿ ಹೊಡೆಯುವುದನ್ನು ಕಲಿತು ಬಂದಿದ್ದ. ಮನೆಯಲ್ಲಿ ಮುದುಕಿ ತಾಯಿ, ಹೆಂಡತಿ, ಕುರಿ ಕಾಯುವ ತಮ್ಮ. ಮಾತು ಕಡಿಮೆ. ಗಾಡಿ ಹತ್ತುವ ಮುಂಚೆ ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಂಡು, ಉಳಿದ ಚಿಟಿಕೆ ಅರಿಶಿನವನ್ನು ಸ್ಟಿಯರಿಂಗಿಗೆ ಒರೆಸುತ್ತಿದ್ದ. ನನ್ನ ಬಿಳಿ ಅಂಗಿಯ ತೋಳಿಗೆ ಅದು ಹತ್ತಿತೆಂದು ಅವನಿಗೆ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ನಮ್ಮ ಎರೆಭೂಮಿಯ ಹಾದಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಎತ್ತಿನ ಗಾಡಿಗಳು ಕೊರೆದ ಜಾಡು ಮೊಣಕಾಲುದ್ದ ಇಳಿದಿರುತ್ತಿತ್ತು. ನಡುವಿನ ದಿಬ್ಬಕ್ಕೆ ನಮ್ಮ ಗಾಡಿಯ ಹೊಟ್ಟೆ ತಾಗಿ, ಗಾಲಿ ಸುಮ್ಮನೆ ತಿರುಗುತ್ತ ನಿಲ್ಲುತ್ತಿತ್ತು. ಒಂದು ಸಲ ಚಿಮ್ಮಡದ ಹೊಲದವರು ನಾಲ್ಕು ಜೋಡಿ ಎತ್ತು ಹೂಡಿ ಎಳೆದರು. ಎಳೆಯುವಾಗ ನಕ್ಕರು. ಆ ನಗೆ ನನಗೆ ನುಂಗಲಾಗಲಿಲ್ಲ. ಮರುವಾರವೇ ಜಮಖಂಡಿಯ ಮಿಸ್ತ್ರಿಯ ಹತ್ತಿರ ಹೋಗಿ, ದೊಡ್ಡ ಲಾರಿಯಿಂದ ಬಿಚ್ಚಿದ ನಾಲ್ಕು ಟಾಯರು ಹಾಕಲು ಹೇಳಿದೆ.

ಮಿಸ್ತ್ರಿ ವಯಸ್ಸಾದ ಮನುಷ್ಯ. ಟಾಯರು ನೋಡಿದ, ಗಾಡಿ ನೋಡಿದ, ತಲೆ ಅಲ್ಲಾಡಿಸಿದ. "ಗಾಲಿ ದೊಡ್ಡವು ಹಾಕಿದ್ರ ಒಳಗಿನ ಹಲ್ಲಿನ ಚಕ್ರಾನೂ ಬದಲಿ ಮಾಡಬೇಕ್ರಿ ಸಾವ್ಕಾರ್ರ. ಇಲ್ಲಾಂದ್ರ ಎಲ್ಲಾ ಲೆಕ್ಕ ತಪ್ಪತೈತಿ" ಎಂದ. ಆ ಹಲ್ಲಿನ ಚಕ್ರ ಪುಣೆಯಿಂದ ತರಿಸಬೇಕಂತೆ, ತಿಂಗಳು ಹಿಡಿಯುತ್ತದಂತೆ. ಕೆಲಸ ಹೆಚ್ಚು ಮಾಡಿಕೊಳ್ಳುವ ಮಿಸ್ತ್ರಿಗಳ ಮಾತು ನನಗೇನು ಹೊಸದೇ ಎಂದುಕೊಂಡೆ. ಟಾಯರಷ್ಟೇ ಹಾಕು, ಉಪದೇಶ ಬೇಡ ಎಂದೆ. ಅವನು ಹಾಕಿದ. ಬಿಚ್ಚಿದ ಹಳೆಯ ಟಾಯರು ತಂದು ಮನೆಯ ಹಿತ್ತಿಲಲ್ಲಿ ಒಟ್ಟಿದೆ.

ಗಾಡಿ ಒಂದು ಮೆಟ್ಟಿಲು ಹತ್ತಿ ನಿಂತ ಹಾಗೆ ಕಂಡಿತು. ಚಿಮ್ಮಡದ ಕೆಸರಲ್ಲಿ ಈಗ ಹೊಟ್ಟೆ ತಾಗುತ್ತಿರಲಿಲ್ಲ. ನಾನು ಊರ ತುಂಬ ಹೇಳಿಕೊಂಡು ತಿರುಗಿದೆ. ಡ್ರೈವರ್ ಮಾತ್ರ ಎರಡನೆಯ ದಿನವೇ, ಏರಿನಲ್ಲಿ ಗಾಡಿ ಜಗ್ಗುತ್ತಿಲ್ಲ, ಒಂದು ಗೇರು ಕೆಳಗೆ ಹಾಕಿಯೇ ಹತ್ತಿಸಬೇಕು, ಬೀಳಗಿ ಹಾದಿಯಲ್ಲಂತೂ ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ ಎಂದ. ಕುರಿಯ ಹಿಂದೆ ಹೋಗಬೇಕಾದವನನ್ನು ಸ್ಟಿಯರಿಂಗಿನ ಹಿಂದೆ ಕೂಡಿಸಿದ್ದು ನನ್ನ ತಪ್ಪು ಎಂದೆ. ಅಂಗಳದಲ್ಲಿ ಹತ್ತು ಜನ ಇದ್ದರು. ಎಲ್ಲರೂ ನಕ್ಕರು. ನನಗೆ ಬೇಕಾಗಿದ್ದೂ ಅದೇ.

ಹದಿನೈದು ದಿನದ ಮೇಲೆ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಗಾಡಿಯ ಮೀಟರನ್ನು ದಿನಾ ಸಂಜೆ ನೋಡಿ ಬರೆದಿಡುವುದು ನನ್ನ ರೂಢಿ. ನಲವತ್ತು ಬರುತ್ತಿದ್ದ ಜಾಗದಲ್ಲಿ ಮೂವತ್ತಾರು, ಮೂವತ್ತೇಳು ಬರುತ್ತಿತ್ತು. ಪೆಟ್ರೋಲು ಮಾತ್ರ ಮೊದಲಿಗಿಂತ ಹೆಚ್ಚೇ ಖರ್ಚಾಗುತ್ತಿತ್ತು. ಮೈಲಿ ಕಡಿಮೆ, ಎಣ್ಣೆ ಜಾಸ್ತಿ. ಇದರ ಅರ್ಥ ನಮ್ಮ ಕಡೆಯ ಯಾವ ಗಾಡಿ ಮಾಲೀಕನಿಗೂ ಗೊತ್ತು: ಡ್ರೈವರ್ ಮೀಟರಿನ ತಂತಿ ಬಿಚ್ಚಿ ತನ್ನ ಬಾಡಿಗೆಗೆ ಗಾಡಿ ಓಡಿಸಿ, ಮತ್ತೆ ತಂತಿ ಸಿಗಿಸಿ ತರುತ್ತಿದ್ದಾನೆ.

ಕೇಳಿದೆ. ಅವನು ಇಲ್ಲ ಎಂದ. ದಾರಿ ಇದ್ದಷ್ಟೇ ಇದೆ, ತಾನು ಎಲ್ಲ ಊರಿಗೂ ಹೋಗಿದ್ದೇನೆ, ಬೇಕಾದರೆ ಮಗ್ಗದವರನ್ನು ಕೇಳಿ ಎಂದ. ಕೇಳಿದೆ. ಅವರೂ ಹೌದು, ವೇಳೆಗೆ ಸರಿಯಾಗಿ ಬಂದು ಹೋಗಿದ್ದಾನೆ ಎಂದರು. ಅಲ್ಲಿಗೆ ನಾನು ನಿಲ್ಲಬೇಕಿತ್ತು. ಬದಲಿಗೆ, ರೈಲ್ವೆ ಪಾರ್ಸಲ್ಲಿನ ಗಂಟಿಗೆ ಹಚ್ಚುವ ಕೆಂಪು ಅರಗು ಕರಗಿಸಿ, ಅವನ ಎದುರಿಗೇ ಮೀಟರು ತಂತಿಯ ತಿರುಪಿನ ಮೇಲೆ ಮುದ್ರೆ ಒತ್ತಿದೆ. ಸಂಜೆ ಮುದ್ರೆ ಇದ್ದ ಹಾಗೇ ಇತ್ತು. ಮೀಟರು ಮೂವತ್ತಾರು ತೋರಿಸಿತು. ಬುದ್ಧಿ ಇದ್ದವನಾದರೆ ಆಗಲೇ ಬೇರೆ ಕಡೆ ನೋಡುತ್ತಿದ್ದ. ನಾನು, ಎಲಾ ಇವನ, ಅರಗಿನ ಮುದ್ರೆಯನ್ನೂ ತೆಗೆದು ಮತ್ತೆ ಇದ್ದ ಹಾಗೇ ಕೂರಿಸುವಷ್ಟು ಪಳಗಿದ್ದಾನೆ ಎಂದುಕೊಂಡೆ.

ಅಲ್ಲಿಂದ ಮುಂದೆ ನಾನು ಅವನಿಗೆ ಮಾಡಿದ್ದನ್ನು ನೆನೆದರೆ ಮೈಮೇಲೆ ಹುಳ ಹರಿದಂತಾಗುತ್ತದೆ. ದಿನಾ ಸಂಜೆ ಅಂಗಳದಲ್ಲಿ ನಿಲ್ಲಿಸಿ ಜೇಬು ಝಾಡಿಸುತ್ತಿದ್ದೆ. ಪೆಟ್ರೋಲು ವಾಸನೆ ಬರುತ್ತದೋ ಎಂದು ಅವನ ಧೋತರದ ಚುಂಗು ಹಿಡಿದು ಮೂಸಿ ನೋಡುತ್ತಿದ್ದೆ. ಡ್ರೈವರನ ಬಟ್ಟೆ ಪೆಟ್ರೋಲು ವಾಸನೆ ಬಾರದೆ ಅತ್ತರಿನ ವಾಸನೆ ಬರುತ್ತದೆಯೇ? ಮುಧೋಳದಲ್ಲಿ, ಲೋಕಾಪುರದಲ್ಲಿ, ಗಾಡಿ ಇದ್ದ ವ್ಯಾಪಾರಿಗಳಿಗೆಲ್ಲ, ಇವನು ನಾಳೆ ನಿಮ್ಮಲ್ಲಿಗೆ ಕೆಲಸ ಕೇಳಿ ಬಂದರೆ ಹುಷಾರ್ ಎಂದು ಹೇಳಿಟ್ಟೆ. ಬಿಡಿಸಿದರೆ ಅವನಿಗೆ ಬೇರೆ ಗಾಡಿ ಸಿಗಬಾರದು, ಇಟ್ಟುಕೊಂಡರೆ ತಲೆ ಎತ್ತಬಾರದು, ಹಾಗೆ ಮಾಡಿದೆ.

ಕಡೆಗೆ ಅವನೇ ಒಂದು ದಿನ ಬಂದು, ತಮ್ಮ ಊರಿನ ಬೀರಪ್ಪನ ಗುಡಿಯಲ್ಲಿ ಭಂಡಾರ ಎತ್ತುತ್ತೇನೆ ಎಂದ. ಅವರಲ್ಲಿ ಅದು ಕೊನೆಯ ಮಾತು. ಆರೋಪ ಹೊತ್ತವನು ಎರಡು ದಿನ ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ ನಿಂತು, ದೇವರ ಮುಂದಿನ ಅರಿಶಿನವನ್ನು ಬೊಗಸೆಯಲ್ಲಿ ಹಿಡಿದು ಆಣೆ ಮಾಡುತ್ತಾನೆ. ಅಂದಿನಿಂದ ಮೂರು ಅಮಾವಾಸ್ಯೆ ಕಳೆಯುವವರೆಗೆ ಅವನ ಮನೆಯಲ್ಲಿ ಸಾವಾಗದಿದ್ದರೆ ಅವನು ಶುದ್ಧ. ಸಾವಾದರೆ ಆಣೆ ಸುಳ್ಳು. ಮುಪ್ಪಿನ ತಾಯಿಯನ್ನು ಮನೆಯಲ್ಲಿ ಇಟ್ಟುಕೊಂಡವನು ಅಂಥ ಆಣೆ ಮಾಡಬಾರದು ಎಂದು ಅವರ ಹಿರಿಯರು ಹೇಳಿದರಂತೆ. ಅವನು ಕೇಳಲಿಲ್ಲ. ನಾನು ಆಗಲಿ ಎಂದೆ.

ಅವನ ಉಪವಾಸದ ಎರಡು ದಿನ ಗಾಡಿಯನ್ನು ನಾನೇ ಹೊಡೆದೆ. ಎರಡನೆಯ ದಿನ ಮುಧೋಳದ ಹಾದಿಯಲ್ಲಿ ಸುಮ್ಮನೆ ಮೈಲಿಗಲ್ಲು ಎಣಿಸಿದೆ. ಹತ್ತು ಕಲ್ಲು ದಾಟಿದಾಗ ಮೀಟರಿನಲ್ಲಿ ಒಂಬತ್ತು ದಾಟಿ ಸ್ವಲ್ಪ ಆಗಿತ್ತು. ತಿರುಗಿ ಬರುವಾಗ ಮತ್ತೆ ಎಣಿಸಿದೆ. ಅಷ್ಟೇ. ಸ್ಟಿಯರಿಂಗು ಹಿಡಿದಿದ್ದವನು ನಾನು, ಮುದ್ರೆ ನನ್ನದು, ಕಳವು ಮಾತ್ರ ನಡೆಯುತ್ತಲೇ ಇತ್ತು.

ಮನೆಗೆ ಬಂದು ಒಳಗಿನಿಂದ ನೂಲು ತಂದೆ. ಗಾಡಿಯ ಟಾಯರಿಗೆ ಒಂದು ಸುತ್ತು ಸುತ್ತಿ ಹರಿದೆ. ಹಿತ್ತಿಲಿನ ಹಳೆಯ ಟಾಯರಿಗೆ ಒಂದು ಸುತ್ತು ಸುತ್ತಿ ಹರಿದೆ. ಎರಡೂ ದಾರ ಸೇರಿಸಿ ಹಿಡಿದರೆ ಒಂದು ಗೇಣು ವ್ಯತ್ಯಾಸ. ಮೀಟರು ಮೈಲಿ ಎಣಿಸುವುದಿಲ್ಲ, ಗಾಲಿಯ ಸುತ್ತು ಎಣಿಸುತ್ತದೆ. ಸುತ್ತು ದೊಡ್ಡದಾದರೆ ಎಣಿಕೆ ಕಡಿಮೆ. ಹಾಸು ಸುತ್ತುವ ಡ್ರಮ್ಮು ದೊಡ್ಡದಾದರೆ ಅಷ್ಟೇ ಸುತ್ತಿಗೆ ನೂಲು ಹೆಚ್ಚು ಬೀಳುತ್ತದೆ ಎಂಬುದು ನೇಕಾರನ ಮನೆಯಲ್ಲಿ ಹಲ್ಲು ಬರುವ ಮುಂಚೆ ಕಲಿಯುವ ಸಂಗತಿ. ದಿನಾ ಅದನ್ನೇ ಎಣಿಸಿ ಉಣ್ಣುವವನು ನಾನು. ನನ್ನ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವಳೂ ನೇಕಾರರ ಮಗಳು.

ಮರುದಿನ ಬೆಳಿಗ್ಗೆ ಆ ಎರಡು ದಾರ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಗುಡಿಗೆ ಹೋದೆ. ನಿಲ್ಲಿಸಬೇಕೆಂದೇ ಹೊರಟಿದ್ದೆ, ಅದು ಖರೆ. ಗುಡಿಯ ಮುಂದೆ ಚಿಮ್ಮಡದವರು, ನಮ್ಮ ಬನಹಟ್ಟಿಯವರು, ನನ್ನ ಮಾತು ಕೇಳಿ ಬಂದಿದ್ದ ಮುಧೋಳದ ಇಬ್ಬರು ವ್ಯಾಪಾರಿಗಳು ಎಲ್ಲ ಇದ್ದರು. ಎತ್ತು ಹೂಡಿ ಎಳೆದು ನಕ್ಕಿದ್ದವರೂ ಇದ್ದರು. ನೇಕಾರ ಸಾವ್ಕಾರನಿಗೆ ಸುತ್ತಿನ ಲೆಕ್ಕ ಗೊತ್ತಿಲ್ಲ ಎಂದು ಅವರು ಹೇಗೆ ನಗುತ್ತಾರೆಂದು ಕಣ್ಣಿಗೆ ಕಟ್ಟಿತು. ನನ್ನ ನಾಲಿಗೆ ಏಳಲಿಲ್ಲ. ಹೇಗೂ ಅವನು ಕದ್ದಿಲ್ಲ, ಆಣೆ ಮಾಡಲಿ, ದೇವರೇ ಬಿಡುಗಡೆ ಮಾಡುತ್ತಾನೆ, ನನ್ನ ಮರ್ಯಾದೆಯೂ ಉಳಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವನು ಒದ್ದೆ ಧೋತರದಲ್ಲಿ ನಡುಗುತ್ತ ನಿಂತಿದ್ದ. ಅವನ ತಾಯಿ ಕಟ್ಟೆಯ ಮೇಲೆ ಕೂತಿದ್ದಳು. ಬೊಗಸೆ ತುಂಬ ಭಂಡಾರ ಹಿಡಿದು ಅವನು ಹೇಳಿದ, "ನಾ ಸಾವ್ಕಾರ್ರ ಗಾಡ್ಯಾಗಿನ ಎಣ್ಣಿ ಕದ್ದಿದ್ರ ಬೀರಪ್ಪ ನನ್ನ ಮನ್ಯಾಗ ದೀಪ ಉಳಸಬಾರದು." ಆಮೇಲೆ ಆ ಅರಿಶಿನವನ್ನು ಎಲ್ಲರ ಹಣೆಗೂ ಹಚ್ಚಿದರು. ನನ್ನ ಹಣೆಗೂ ಹಚ್ಚಿದರು.

ಎರಡು ಅಮಾವಾಸ್ಯೆ ಕಳೆದವು. ಮೂರನೆಯದಕ್ಕೆ ಎಂಟು ದಿನ ಇರುವಾಗ ಮುದುಕಿ ಸತ್ತಳು. ಎಂಬತ್ತರ ಸುತ್ತಿನ ಜೀವ, ಕೆಮ್ಮು ಬಂದು ಹೋಯಿತು. ಅವಳ ಮಣ್ಣಿಗೆ ಊರಿನವರು ಬಂದರಾದರೂ ಯಾರೂ ಅವನ ಮುಖ ನೋಡಿ ಮಾತಾಡಲಿಲ್ಲವಂತೆ. ದೇವರು ತೀರ್ಪು ಕೊಟ್ಟಾಗಿತ್ತು.

ದಿನಕರ್ಮ ಮುಗಿಸಿ ಅವನು ನಮ್ಮ ಮನೆಗೆ ಬಂದ. ಬಗಲಲ್ಲಿ ಒಂದು ಕರಿಯ ಕಂಬಳಿ. ಅಂಗಳದಲ್ಲಿ ನೆಲಕ್ಕೆ ಕೂತು ಹೇಳತೊಡಗಿದ. ಆಣೆ ಮಾಡುವಾಗ ತನಗೆ ನೆನಪೇ ಇರಲಿಲ್ಲ, ಅವ್ವ ಸತ್ತ ಮೇಲೆ ರಾತ್ರಿ ಹಗಲು ಯೋಚಿಸಿ ಯೋಚಿಸಿ ನೆನಪಾಯಿತು ಎಂದ. "ನಮ್ಮ ತಮ್ಮನ ಕುರಿ ಕಾಲಾಗ ಹುಳಾ ಬಿದ್ದಿದ್ವುರಿ. ಎರಡ ಸಲ ಒಂದೊಂದ ಬಟ್ಟಲ ಎಣ್ಣಿ ತಗದ ಹಾಕೀನ್ರಿ. ಅದು ಕಳವು ಅಂತ ನನಗ ಹೊಳೀಲಿಲ್ರಿ. ಬೀರಪ್ಪಗ ಹೊಳೀತು."

ಕಂಬಳಿಯನ್ನು ನನ್ನ ಮುಂದೆ ಇಟ್ಟ. ಅದರ ಉಣ್ಣೆ ಅವನ ತಾಯಿ ನೂತದ್ದು, ಅವಳ ಕೊನೆಯ ಕಂಬಳಿ. ತಪ್ಪಿಗೆ ಕಾಣಿಕೆ ಎಂದು ತಂದಿದ್ದ. ನಾನು ಆ ಕ್ಷಣಕ್ಕೂ ಬಾಯಿ ಬಿಡಬಹುದಿತ್ತು. ಹಿತ್ತಿಲಿಗೆ ಕರೆದುಕೊಂಡು ಹೋಗಿ ಹಳೆಯ ಟಾಯರು ತೋರಿಸಿದ್ದರೆ ಸಾಕಿತ್ತು. ನಾನು ಕಂಬಳಿ ಕೈಗೆ ತೆಗೆದುಕೊಂಡು, ನೇಕಾರನ ಚಟ, ಅಂಚು ತಿರುವಿ ನೋಡಿದೆ. ನೂಲು ಒಂದೇ ಸಮ ಇತ್ತು. "ಆತು ಬಿಡು. ಇನ್ನ ಮ್ಯಾಲ ಹಂಗ ಮಾಡಬ್ಯಾಡ" ಎಂದೆ. ಅವನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಹೆಂಡತಿ ಆ ಕಂಬಳಿಯನ್ನು ಒಳಗೆ ಒಯ್ದು ಪೆಟ್ಟಿಗೆಯಲ್ಲಿಟ್ಟಳು. ಚಳಿಗೆ ಹೊದೆಯಲು ಕೇಳಿದರೆ ಕೊಡಲಿಲ್ಲ.

ಒಂದು ವರ್ಷ ಅವನು ಹಾಗೇ ದುಡಿದ. ಪೆಟ್ರೋಲು ಹಾಕುವಾಗ ಪ್ರತಿ ಸಲವೂ ನನ್ನನ್ನು ಕರೆದು ನೋಡಲು ಹೇಳುತ್ತಿದ್ದ. ನಾನು ಹೋಗಿ ನಿಂತು ನೋಡುತ್ತಿದ್ದೆ. ಬೀಳಗಿ ಹಾದಿಯ ಏರಿನಲ್ಲಿ ಕ್ಲಚ್ಚು ಎರಡು ಸಲ ಸುಟ್ಟಿತು. ಟಾಯರು ಬದಲಿಸಿ, ಇಲ್ಲವೇ ಪುಣೆಯಿಂದ ಹಲ್ಲಿನ ಚಕ್ರ ತರಿಸಿ ಎಂದು ಮಿಸ್ತ್ರಿ ಬೇಡಿಕೊಂಡ. ನಾನು ಯಾವುದಕ್ಕೂ ಒಪ್ಪಲಿಲ್ಲ. ಟಾಯರಾಗಲಿ ಚಕ್ರವಾಗಲಿ ಬದಲಾದರೆ ಮೀಟರಿನಲ್ಲಿ ಮತ್ತೆ ನಲವತ್ತು ಮೈಲಿ ಬಂದು ಗುಟ್ಟು ಹೊರಬೀಳುತ್ತದೆ ಎಂಬ ಭಯ ನನ್ನದು.

ಆಮೇಲೆ ನೂಲಿನ ಕೆಲಸಕ್ಕೆ ನಾನು ಸೊಲ್ಲಾಪುರಕ್ಕೆ ಹೋಗಿದ್ದಾಗ ದೊಡ್ಡ ಟಾಯರು ಒಂದು ಸಿಡಿಯಿತು. ಸೀರೆ ನಿಲ್ಲಬಾರದೆಂದು ಅವನೇ ಹಿತ್ತಿಲಿನ ಹಳೆಯ ನಾಲ್ಕೂ ಟಾಯರು ತೆಗೆದು ಹಾಕಿಸಿಕೊಂಡ. ಮೂರು ದಿನ ಗಾಡಿ ಓಡಿಸಿದ. ಮೂರು ದಿನವೂ ಮೀಟರು ನಲವತ್ತು ತೋರಿಸಿತು.

ನಾನು ಬಂದಾಗ ಸಂಜೆ ನಾಲ್ಕು ಗಂಟೆ. ಗಾಡಿ ಅಂಗಳದಲ್ಲಿತ್ತು, ಮೊದಲಿನ ಹಾಗೆ ಕುಳ್ಳಗೆ. ಬಿಚ್ಚಿದ ದೊಡ್ಡ ಟಾಯರೊಂದನ್ನು ಗಾಡಿಗೆ ಹಾಕಿದ ಹಳೆಯದರ ಪಕ್ಕಕ್ಕೆ ಆನಿಸಿ ನಿಲ್ಲಿಸಿದ್ದ. ಅವನು ಕಟ್ಟೆಯ ಮೇಲೆ ಕೂತಿದ್ದವನು ಎದ್ದು ನಿಂತ. ಯಾವಾಗ ಗೊತ್ತಾಯಿತು ನಿಮಗೆ ಎಂದು ಕೇಳುತ್ತಾನೆ, ಬೈಯುತ್ತಾನೆ, ಕೈ ಎತ್ತುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಒಂದೇ ಮಾತು.

"ಸಾವ್ಕಾರ್ರ, ನಮ್ಮವ್ವನ ಕಂಬಳಿ ಕೊಡ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಳಗಿನಿಂದ ಕಂಬಳಿ ತಂದಳು. ಅದು ಮಡಿಕೆ ಮುರಿಯದೆ ಇತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು. ಅವನು ಅವಳಿಗೆ ತಲೆ ಬಾಗಿದ. ನನ್ನ ಕಡೆ ನೋಡಲಿಲ್ಲ. ಗಾಡಿಯ ಚಾವಿಯನ್ನು ಹೊಸ್ತಿಲ ಮೇಲಿಟ್ಟು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಚಿಮ್ಮಡದ ಹಾದಿ ಹಿಡಿದು ನಡೆದುಹೋದ. ಸ್ಟಿಯರಿಂಗಿನ ಮೇಲೆ ಅವನು ಬೆಳಿಗ್ಗೆ ಒರೆಸಿದ ಅರಿಶಿನ ಇನ್ನೂ ಇತ್ತು. ಮರುದಿನ ನೂಲು ಒಯ್ಯಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನೇ ಗಾಡಿ ಹೊಡೆದೆ, ಆ ಅರಿಶಿನ ನನ್ನ ಅಂಗೈಗೆ ಹತ್ತಿತು.