ಮೂಗಿಗಿಟ್ಟ ಹತ್ತಿ

ತಿರುಮಣಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದ ವರ್ಷ, ಚಳಿಗಾಲದ ಚಟುವಟಿಕೆಯೊಂದು ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬಂತು. ಮಕ್ಕಳು ತಮ್ಮ ಮುಖವನ್ನು ತಾವೇ ಬರೆದು, ಉಣ್ಣೆಯ ಟೋಪಿ ತೊಡಿಸಿ, ಸುತ್ತಲೂ ಹತ್ತಿಯಿಂದ ಹಿಮ ಅಂಟಿಸಬೇಕು. ನಮ್ಮ ಮಕ್ಕಳು ಹಿಮ ಕಂಡವರಲ್ಲ. ಹಿಮ ಬೇಡ, ಚಳಿಯ ಬೆಳಿಗ್ಗೆ ಮೂಗಿನಿಂದ ಹೊರಡುವ ಹೊಗೆ ಸಾಕು ಎಂದು ಬದಲಾಯಿಸಿದೆ. ಊರಿಗೆ ತಕ್ಕ ಹಾಗೆ ಯೋಚಿಸಿದೆನೆಂಬ ಸಮಾಧಾನ ನನಗಿತ್ತು. ಪಾವಗಡದ ಮೆಡಿಕಲ್ ಸ್ಟೋರಿನಲ್ಲಿ ಒಂದು ಸುರುಳಿ ಹತ್ತಿ ಕೊಂಡು ಬಸ್ ಹತ್ತಿದೆ.

ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಅಂಟು, ಹತ್ತಿ ಕೈಗೆ ಸಿಕ್ಕಿದ್ದೇ ಗಲಾಟೆ ಶುರುವಾಯಿತು.

"ಲೇ, ನಿಂದು ಹೊಗೆ ಅಲ್ಲ ಕಣ್ಲಾ, ನಿಮ್ ತಾತನ ಮೀಸೆ!"

"ಮಿಸ್, ಚೂಡಂಡಿ, ನೋಡಿ ಮಿಸ್, ಇವ್ನು ನನ್ ಹತ್ತೀನೂ ಎತ್ಕೊಂಬುಟ್ಟ!"

ಒಂದನೇ ತರಗತಿಯ ಒಬ್ಬಳು ಮಾತ್ರ ಸದ್ದಿಲ್ಲದೆ ಕೂತಿದ್ದಳು. ಶಾಲೆಯಲ್ಲಿ ಅಡುಗೆ ಮಾಡುವ ಅಜ್ಜಿಯ ಮೊಮ್ಮಗಳು. ದೀಪಾವಳಿಗೆ ಮುಂಚೆ ಅವಳ ತಾಯಿ ಜ್ವರದಲ್ಲಿ ತೀರಿಕೊಂಡಿದ್ದರು. ಅವಳು ಹತ್ತಿಯನ್ನು ಎರಡು ಸಣ್ಣ ಉಂಡೆ ಮಾಡಿ, ಚಿತ್ರದ ಎರಡು ಹೊಳ್ಳೆಗಳಲ್ಲಿ ಸರಿಯಾಗಿ ಕೂರಿಸಿದಳು. ಒಂದು ಎಳೆಯೂ ಗೆರೆ ದಾಟಿರಲಿಲ್ಲ. ನಾನು 'ಗುಡ್' ಎಂದು ಅದನ್ನೇ ಮೊದಲು ಗೋಡೆಗೆ ಅಂಟಿಸಿದೆ.

ಹೆಣದ ಮೂಗಿಗೆ ಹತ್ತಿ ಇಡುವುದು ನನಗೆ ಗೊತ್ತಿಲ್ಲದ್ದಲ್ಲ. ಮಧುಗಿರಿಯ ನಮ್ಮ ಮನೆಯಲ್ಲಿ ಅಜ್ಜನಿಗೆ ಇಟ್ಟಾಗ ಪಕ್ಕದಲ್ಲೇ ನಿಂತಿದ್ದೆ. ಆದರೂ ನೆನಪಾಗಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಅವಳ ಅಚ್ಚುಕಟ್ಟು ಮಾತ್ರ.

ಊಟಕ್ಕೆ ಕರೆಯಲು ಬಂದ ಅಜ್ಜಿ ಸೌಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

"ಇದ್ಯಾರ್ ಮಾಡ್ಸಿದ್ದು? ಬದುಕಿರೋ ಮಗೀನ್ ಮೂಗ್ಗೆ ಹತ್ತಿ ಇಡ್ಸಿದೀಯಲ್ಲಮ್ಮ! ಓದಿದೋಳಲ್ವಾ ನೀನು?"

"ಅಜ್ಜಿ, ಅದು ಚಳಿಗೆ ಬರೋ ಹೊಗೆ..." ಎಂದೆ.

"ಹೊಗೆ ಅಲ್ಲ ಮಿಸ್," ಎಂದಳು ಹುಡುಗಿ, ನನ್ನ ತಪ್ಪು ತಿದ್ದುವಂತೆ. "ಅಮ್ಮಂಗೆ ಇಟ್ಟಿದ್ರಲ್ಲ, ಅದು. ಚಳಿ ಒಳೀಕ್ ಹೋಗ್ದಂಗೆ. ಅಜ್ಜಿನೇ ಹೇಳೈತೆ. ದೊಡ್ಡಾಸ್ಪತ್ರೆಯಿಂದ ಬರೋವಾಗ ತೆಗೀತಾರಂತೆ."

ತಾಯಿ ಸತ್ತದ್ದನ್ನು ಮಗುವಿಗೆ ಹೇಳೇ ಇಲ್ಲವೆಂದು ನನಗೆ ತಿಳಿದದ್ದು ಆಗ. ಅಷ್ಟರಲ್ಲಿ ಮೂರನೇ ತರಗತಿಯ ಒಬ್ಬಳು, "ಏ, ನಿಮ್ಮಮ್ಮ ಆಸ್ಪತ್ರೇಲಿಲ್ಲ ಕಣೇ. ಸತ್ತೋದ್ಲು. ಮಣ್ ಮಾಡಕ್ಕೆ ನಮ್ಮಪ್ಪನೂ ಹೋಗಿತ್ತು" ಎಂದಳು.

ಹುಡುಗಿ ನನ್ನ ಕಡೆ ತಿರುಗಿದಳು. "ಹೌದಾ ಮಿಸ್?"

ಅಜ್ಜಿ ಬೇಡವೆಂದು ತಲೆಯಾಡಿಸಿದರು. ನಾನು ಅದನ್ನು ಸ್ಪಷ್ಟವಾಗಿ ನೋಡಿದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಬಿ.ಎಡ್. ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ; ನಂಬಿಯೇ ಬರೆದದ್ದು.

"ಹೌದು ಪುಟ್ಟ" ಎಂದೆ.

ಅವಳು ಅಳಲಿಲ್ಲ. ಗೋಡೆಯ ಮೇಲಿನ ತನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹಂಗಾರೆ ಹತ್ತಿ ಯಾರು ತೆಗೀತಾರೆ?" ಎಂದು ಕೇಳಿದಳು.

"ಸಂಕ್ರಾಂತಿ ಕಳೀಲಿ ಅಂತಿದ್ದೆ ಕಣಮ್ಮ," ಎಂದರು ಅಜ್ಜಿ. ಕೂಗು ಅಡಗಿತ್ತು. "ತೊಡೆ ಮೇಲ್ ಕುಂಡ್ರುಸ್ಕಂಡು ನಾನೇ ಹೇಳಾನ ಅಂತಿದ್ದೆ. ನಿಂಗ್ಯಾಕ್ ಬೇಕಿತ್ತು?"

ಅವರು ಎತ್ತಿಕೊಳ್ಳಲು ಬಾಗಿದರು. ಹುಡುಗಿ ಕೊಸರಿಕೊಂಡು ಹೊರಗೆ ಹೋಗಿ, ಜಗುಲಿಯಲ್ಲಿ ಊಟದ ಸಾಲಿನಲ್ಲಿ ಕೂತಳು. ಮಿಕ್ಕವರೂ ತಟ್ಟೆ ಹಿಡಿದು ಹೋದರು. ಅಜ್ಜಿ ಅನ್ನ ಬಡಿಸುತ್ತ ಅವಳ ಮುಂದೆ ಬಂದಾಗ ಅವಳು ತಟ್ಟೆಯನ್ನು ಎದೆಗೆ ಅವುಚಿಕೊಂಡಳು.

"ನೀನು ಬ್ಯಾಡ. ಮಿಸ್ ಹಾಕ್ಲಿ."

ಅಜ್ಜಿ ನನ್ನ ಮುಖ ನೋಡದೆ ಸೌಟನ್ನು ನನ್ನ ಕೈಗೆ ಕೊಟ್ಟರು.